ಗೀರು ಬೀಳದ ಸ್ಕ್ರೂ

ಮನೆಯಲ್ಲಿರುವ ಒಂದೇ ಒಂದು ಆಟಿಕೆಯನ್ನೂ ಬಿಚ್ಚುವುದಿಲ್ಲ, ಬೀಳಿಸುವುದಿಲ್ಲ, ಅದರ ಕಣ್ಣು ಕಿವಿ ಹಿಡಿದು ಎಳೆಯುವುದಿಲ್ಲ ಎಂದು ಅವಳು ಮಗಳಿಗೆ ಮಾತು ಕೊಟ್ಟಾಗ ಮಗಳಿಗೆ ನಾಲ್ಕು ವರ್ಷ. ಮಾತು ಕೊಟ್ಟ ಜಾಗ ಮಂಚದ ಅಡಿ. ಇಬ್ಬರೂ ಧೂಳಿನಲ್ಲಿ ಬೋರಲು ಮಲಗಿದ್ದರು. ಮಗಳ ಬೆನ್ನ ಹಿಂದೆ, ಗೋಡೆಗೆ ಒತ್ತಿಕೊಂಡು, ಮನೆಯ ಅಷ್ಟೂ ಆಟಿಕೆಗಳು ಸಾಲಾಗಿ ಅಡಗಿ ಕೂತಿದ್ದವು.

ಆವತ್ತು ಮಗು ನೋಡಿಕೊಳ್ಳುವಾಕೆ ಕೈಕೊಟ್ಟಿದ್ದಳು. ಬೇರೆ ದಾರಿ ಕಾಣದೆ ಅವಳು ಮಗಳನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ, ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಬಿಸ್ಕತ್ತಿನ ಪೊಟ್ಟಣ ಕೈಗಿಟ್ಟು, ತನ್ನ ಕೆಲಸಕ್ಕೆ ತೊಡಗಿದ್ದಳು. ಹೊರದೇಶಗಳಿಂದ ಹಡಗಿನಲ್ಲಿ ಬರುವ ಬ್ಯಾಟರಿ ಆಟಿಕೆಗಳು ಅಂಗಡಿ ಸೇರುವ ಮುಂಚೆ, ಅವು ಮಕ್ಕಳ ಕೈಗೆ ಕೊಡುವಂಥವೋ ಅಲ್ಲವೋ ಎಂದು ನೋಡುವುದು ಅವಳ ಕೆಲಸ. ನೋಡುವುದು ಅಂದರೆ ಮುರಿಯಲು ನೋಡುವುದು. ಮುರಿಯದಿದ್ದರೆ ಪಾಸು.

ಮಗಳನ್ನು ಮನೆಯಲ್ಲಿ ಗಿಣಿ ಎನ್ನುತ್ತಿದ್ದರು, ಬಾಯಿಗೆ ಬಿಡುವಿಲ್ಲದ ಹುಡುಗಿ ಅಂತ. ಆ ದಿನ ಗಿಣಿ ತುಟಿ ಬಿಚ್ಚಲಿಲ್ಲ. ಅಮ್ಮ ಒಂದು ಬೊಗಳುವ ನಾಯಿಮರಿಯನ್ನು ಸೊಂಟದೆತ್ತರದಿಂದ ಉಕ್ಕಿನ ಹಲಗೆಯ ಮೇಲೆ ಐದು ಸಲ ಬೀಳಿಸಿದ್ದನ್ನು ನೋಡಿದಳು. ಅದರ ಕಣ್ಣಿಗೆ ಇಕ್ಕಳ ಕಚ್ಚಿಸಿ ಒಂಬತ್ತು ಕೆಜಿಯ ತೂಕ ತೂಗುಬಿಟ್ಟಿದ್ದನ್ನು ನೋಡಿದಳು. ಕಣ್ಣು ಕಿತ್ತುಬರಲಿಲ್ಲ. ನಾಯಿಮರಿ ಬೊಗಳುತ್ತಲೇ ಇತ್ತು. ಅಮ್ಮ ಏನೋ ಬರೆದುಕೊಂಡು ಇನ್ನೊಂದು ನಾಯಿಮರಿಯನ್ನು ಎತ್ತಿಕೊಂಡಳು.

ಸಂಜೆ ಮನೆಗೆ ಬಂದದ್ದೇ ಮಗಳು ಕಾಣೆ. ಸಿಕ್ಕಿದ್ದು ಮಂಚದ ಅಡಿ.

"ನಮ್ಮನೇವನ್ನೂ ಹಂಗೇ ಮಾಡ್ತೀಯಾ?"

"ಇಲ್ಲ ಕಣೆ."

"ಮುಟ್ಟಲ್ಲ ಅನ್ನು."

"ಮುಟ್ಟಲ್ಲ."

"ಯಾವತ್ತೂ?"

"ಯಾವತ್ತೂ."

ಅವಳಿಗೆ ಸೊಂಟ ಹಿಡಿದುಕೊಂಡಿತ್ತು, ಒಲೆಯ ಮೇಲೆ ಹಾಲಿತ್ತು. ಮಾತು ಸಲೀಸಾಗಿ ಬಂತು.

ಬಂದ ಮಾತನ್ನು ಅವಳು ನಡೆಸಿಕೊಂಡೂ ಬಂದಳು. ಅದರಲ್ಲಿ ಹೆಚ್ಚುಗಾರಿಕೆ ಏನೂ ಇರಲಿಲ್ಲ. ದಿನವಿಡೀ ಆಟಿಕೆ ಹಿಡಿದ ಕೈಗೆ ಮನೆಗೆ ಬಂದು ಮತ್ತೆ ಆಟಿಕೆ ಹಿಡಿಯುವ ಹುಮ್ಮಸ್ಸು ಎಲ್ಲಿಂದ ಬರಬೇಕು? ಹನ್ನೊಂದು ವರ್ಷದಲ್ಲಿ ಅವಳ ಕಿವಿ ಆಟಿಕೆಗಳ ಹಾಡು ಕೇಳಿಸಿಕೊಳ್ಳುವುದನ್ನೇ ಬಿಟ್ಟಿತ್ತು. ಮನೆಯಲ್ಲಿ ಯಾವುದಾದರೂ ಗೊಂಬೆಯ ಸೆಲ್ ಮುಗಿದರೆ ಗಂಡನೇ ಬದಲಿಸುತ್ತಿದ್ದ. ಅವನು ಸಿಟಿ ಬಸ್ಸಿನ ಡ್ರೈವರ್. ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಮನೆಗೆ ಬಂದರೆ ಅಡುಗೆಮನೆ, ಮಗಳ ಲೆಕ್ಕದ ಪುಸ್ತಕ, ಚಿಕ್ಕವನ ಚಡ್ಡಿ ಎಲ್ಲ ಅವನದೇ ಉಸ್ತುವಾರಿ. ಚಿಕ್ಕವನು ಎಂದರೆ ಡುಮ್ಮ, ಒಂದು ವರ್ಷ ಮೂರು ತಿಂಗಳಿನವನು. ಕೈಗೆ ಸಿಕ್ಕಿದ್ದೆಲ್ಲ ನೇರ ಬಾಯಿಗೆ.

ಗಿಣಿಯ ಏಳನೇ ಹುಟ್ಟುಹಬ್ಬಕ್ಕೆ ಅವಳ ಸೋದರತ್ತೆ ಒಂದು ಬಸವನಹುಳು ತಂದುಕೊಟ್ಟಳು. ಪ್ಲಾಸ್ಟಿಕ್ಕಿನದು, ಬೆನ್ನ ಚಿಪ್ಪಿನಲ್ಲಿ ನೀಲಿ ಬೆಳಕು, ಹೊಟ್ಟೆಯಲ್ಲಿ ಮೂರು ಹಾಡು. ತೆವಳುವ ಕೂಸುಗಳಿಗೆ ಮಾಡಿದ್ದು.

"ಅಕ್ಕಾ, ಇವಳಿಗೆ ಏಳು. ಒಂದಲ್ಲ," ಎಂದ ಗಂಡ.

"ಸುಮ್ನಿರೋ, ಮಕ್ಕಳು ಮಕ್ಕಳೇ," ಎಂದು ಅತ್ತೆ ತಮ್ಮನ ಬಾಯಿ ಮುಚ್ಚಿಸಿದಳು.

ಗಿಣಿ ಅದಕ್ಕೆ ನಿಧಾನಿ ಎಂದು ಹೆಸರಿಟ್ಟು ದಿಂಬಿನ ಪಕ್ಕ ಇಟ್ಟುಕೊಂಡಳು. ಆರು ತಿಂಗಳಲ್ಲಿ ಬೆಳಕು ಮಂಕಾಯಿತು. ಸೆಲ್ ಬದಲಿಸಿಕೊಡುತ್ತೇನೆಂದು ಅಪ್ಪ ಹೇಳಿದರೂ ಅವಳು ಬಿಡಲಿಲ್ಲ. ಅದಕ್ಕೆ ನಿದ್ದೆ ಬಂದಿದೆ, ಎಬ್ಬಿಸಬೇಡ ಅಂದಳು.

ಸೋಮವಾರ ಸಂಜೆ ಅವಳು ಕೆಲಸ ಮುಗಿಸಿ ಬಂದು ಚಪ್ಪಲಿ ಬಿಡುತ್ತಿದ್ದಾಗ, ಡುಮ್ಮ ನೆಲದ ಮೇಲೆ ಕೂತು ಬಸವನಹುಳುವನ್ನು ಬೋರಲು ಹಾಕಿಕೊಂಡು ಅದರ ಹೊಟ್ಟೆ ಕೆರೆಯುತ್ತಿದ್ದ. ಸೆಲ್ ಮುಚ್ಚಳ ಒಂದು ಕಡೆ ಎದ್ದಿತ್ತು. ಸಂದಿಯಲ್ಲಿ ಅವನ ಕಿರುಬೆರಳ ಉಗುರು ಹೋಗಿತ್ತು.

ಅವಳು ಓಡಲಿಲ್ಲ, ಕೂಗಲಿಲ್ಲ. ಹೋಗಿ ಕುಕ್ಕರುಗಾಲಿನಲ್ಲಿ ಕೂತು, ಡುಮ್ಮನ ಕೈಯನ್ನು ಬಿಡಿಸಿ, ಬಗ್ಗಿ ಸಂದಿಯೊಳಗೆ ನೋಡಿದಳು. ಒಂದು, ಎರಡು, ಮೂರು. ಮೂರೂ ಸೆಲ್ ಒಳಗೇ ಇದ್ದವು. ಅಂಗಿಯ ಗುಂಡಿಯಷ್ಟಗಲದ ಸೆಲ್‌ಗಳು. ಮಗುವಿನ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡು ತಾಸಿನಲ್ಲಿ ಒಳಗಿನ ಮಾಂಸ ಸುಡಲು ಶುರುವಾಗುತ್ತದೆ. ಅದು ಅವಳಿಗೆ ಬಾಯಿಪಾಠ. ಹೊಸಬರಿಗೆ ತರಬೇತಿ ಕೊಡುವಾಗ ಅವಳೇ ಹೇಳುವ ಸಾಲು ಅದು, ಚಹಾದ ವಿರಾಮಕ್ಕೆ ಸ್ವಲ್ಪ ಮುಂಚೆ.

"ಇದನ್ನ ಯಾರಾದ್ರೂ ಬಿಚ್ಚಿದ್ರಾ?"

"ಯಾರೂ ಇಲ್ಲ," ಗಿಣಿ ಪುಸ್ತಕದಿಂದ ತಲೆಯೆತ್ತಿದಳು. "ಅಪ್ಪ ಬಿಚ್ಚಿಲ್ಲ, ನಾನು ಬಿಚ್ಚಿಲ್ಲ. ನೀನಂತೂ ಬಿಚ್ಚೋ ಹಾಗಿಲ್ಲ."

ಗಂಡನನ್ನು ಕರೆದು ಬಸವನಹುಳುವನ್ನು ಅವನ ಕೈಯಲ್ಲೇ ಬೀರುವಿನ ಮೇಲೆ ಇಡಿಸಿದಳು. ಇಡುವಾಗ ಅವನು ಅದನ್ನು ಅಲ್ಲಾಡಿಸಿ ನೋಡಿದ. "ಇದನ್ನ ನೀನೇ ಪಾಸ್ ಮಾಡಿದ್ದಲ್ವಾ?"

ಹೌದು, ಅವಳೇ. ಹೋದ ವರ್ಷ ಬಂದ ಮೊದಲ ಲಾಟಿನಿಂದ ಹನ್ನೆರಡು ಸ್ಯಾಂಪಲ್. ಅದೇ ಕಂಪನಿಯ ಎರಡನೇ ಲಾಟು, ಒಂಬತ್ತು ಸಾವಿರದ ಆರುನೂರು ಬಸವನಹುಳುಗಳು, ಈಗ ಬಂದರಿನ ಗೋದಾಮಿನಲ್ಲಿದ್ದವು. ಅದರ ಹನ್ನೆರಡು ಸ್ಯಾಂಪಲ್‌ಗಳನ್ನೂ ಹೋದ ವಾರ ಐದೈದು ಸಲ ಬೀಳಿಸಿದ್ದಳು. ಒಂದರ ಮುಚ್ಚಳವೂ ಕದಲಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಲಾರಿ. ಬಿಡುಗಡೆ ಪತ್ರದ ಮೇಲೆ ಅವಳ ಸಹಿ.

ಮಂಗಳವಾರ ಅವಳು ಆ ಹನ್ನೆರಡರಲ್ಲಿ ಒಂದನ್ನು ಸ್ಟೋರಿನಿಂದ ತರಿಸಿಕೊಂಡಳು. ಏನು ಹುಡುಕಬೇಕೆಂದು ಗೊತ್ತಿರಲಿಲ್ಲ. ದಿನ ಮಾಡುವುದನ್ನೇ ಮಾಡಿದಳು. ಫಾರ್ಮಿನಲ್ಲಿ ಮೊದಲ ಸಾಲು, ಮುಚ್ಚಳದ ಒಳಗಡೆ ಸೆಲ್‌ನ ದಿಕ್ಕಿನ ಗುರುತು ಇದೆಯೇ? ಸ್ಕ್ರೂ ಬಿಚ್ಚಿದಳು. ಗುರುತಿತ್ತು. ಸೆಲ್ ಹಾಕಿದಳು. ಮುಚ್ಚಳ ಕೂರಿಸಿದಳು. ಸ್ಕ್ರೂ ತಿರುಗಿಸಿದಳು. ಇನ್ನು ತಿರುಗದು ಅನ್ನುವಾಗ ಮೇಲೊಂದು ಅರ್ಧ ಸುತ್ತು, ಅದು ಅವಳ ಕೈಯ ರೂಢಿ. ಅಚ್ಚುಕಟ್ಟಾದ ಕೈ ಅಂತ ಲ್ಯಾಬಿನಲ್ಲೆಲ್ಲ ಹೆಸರು.

ಆ ಅರ್ಧ ಸುತ್ತಿನಲ್ಲಿ ಅವಳ ಕೈ ನಿಂತಿತು.

ಬೀಳಿಸುವ ಪರೀಕ್ಷೆ ಫಾರ್ಮಿನಲ್ಲಿ ಆರನೇ ಸಾಲು. ಮುಚ್ಚಳ ಬಿಚ್ಚುವುದು ಒಂದನೇ ಸಾಲು. ಹಾಗಾದರೆ ಬೀಳಿಸುವ ಹೊತ್ತಿಗೆ ಆಟಿಕೆಯ ಮೇಲಿರುವುದು ಫ್ಯಾಕ್ಟರಿಯವನು ಬಿಗಿದ ಸ್ಕ್ರೂ ಅಲ್ಲ, ಅವಳು ಬಿಗಿದದ್ದು.

ಎದ್ದು ಸ್ಟೋರಿಗೆ ಹೋದಳು. ಸ್ಟೋರ್ ನೋಡಿಕೊಳ್ಳುವ ಹೆಂಗಸನ್ನು ಎಲ್ಲರೂ ಸ್ಟೋರಕ್ಕ ಅನ್ನುತ್ತಿದ್ದರು. ಎಂಟು ವರ್ಷದ ಹಿಂದೆ ಕಪಾಟಿನಲ್ಲಿದ್ದ ಒಂದು ಕಾರಿನ ಸೆಲ್ ಹೊತ್ತಿಕೊಂಡು ಅರ್ಧ ಸ್ಟೋರ್ ಸುಟ್ಟಿತ್ತು. ಅಂದಿನಿಂದ, ಯಾವ ಸ್ಯಾಂಪಲ್ ಬಂದರೂ ಬಂದ ದಿನವೇ ಬಿಚ್ಚಿ ಸೆಲ್ ತೆಗೆದಿಡಬೇಕೆಂದು ನಿಯಮ.

"ಅಕ್ಕಾ, ನೀವು ಬಿಚ್ಚದೇ ಇರೋ ಪೀಸು ಯಾವುದಾದ್ರೂ ಇದೆಯಾ?"

"ಅಯ್ಯೋ, ಒಂದು ಬಿಟ್ಟಿದ್ರೂ ನನ್ನ ಕೆಲಸ ಹೋಗುತ್ತೆ ಡ್ರಾಪ್ ಮೇಡಂ." ದಿನವೂ ಬೀಳಿಸುವವಳಾದ್ದರಿಂದ ಅವಳಿಗೆ ಲ್ಯಾಬಿನಲ್ಲಿ ಅದೇ ಹೆಸರು. "ಯಾಕೆ?"

ಬಿಚ್ಚುವಾಗ ಸ್ಕ್ರೂ ಸಡಿಲ ಅನ್ನಿಸುತ್ತಿತ್ತೇ ಎಂದು ಕೇಳಿದಳು.

"ಸಡಿಲ ಅಂದ್ರೆ? ಈ ಬಸವನಹುಳದ್ದು ಉಗುರಲ್ಲೇ ಬರುತ್ತೆ. ಒಳ್ಳೇದೇ ಆಯ್ತು, ನನ್ನ ಮಣಿಕಟ್ಟಿಗೆ ಆರಾಮು ಅಂದ್ಕೊಂಡೆ." ಹೇಳುತ್ತ ಹೇಳುತ್ತ ಸ್ಟೋರಕ್ಕನಿಗೂ ಮೆಲ್ಲನೆ ಹೊಳೆಯಿತು. "ಅಂದ್ರೆ ನಾನು ಬಿಚ್ಚಿ ಸೆಲ್ ತೆಗೀತೀನಿ, ನೀವು ಸೆಲ್ ಹಾಕಿ ಬಿಗೀತೀರ. ಆ ಫ್ಯಾಕ್ಟರಿಯವನ ಕೆಲಸಾನ ಇಬ್ಬರೂ ಸೇರಿ ಪುಕ್ಕಟೆ ಮಾಡ್ಕೊಟ್ಟಿದೀವಿ. ಒಂದು ಶಾಲೂ ಹೊದಿಸಲಿಲ್ಲವಲ್ಲ ಪುಣ್ಯಾತ್ಮ!"

ಇಬ್ಬರಿಗೂ ನಗು ಬರಲಿಲ್ಲ.

ಲ್ಯಾಬಿನ ಮುಖ್ಯಸ್ಥರು ಬಿಸಿನೀರು ಕುಡಿಯುತ್ತ ಎಲ್ಲ ಕೇಳಿಸಿಕೊಂಡರು. ನಿವೃತ್ತಿಗೆ ಎರಡು ವರ್ಷ ಇದ್ದ ಮನುಷ್ಯ. ದನಿ ಏರಿಸುವವರಲ್ಲ.

"ಅಂದ್ರೆ ಇಷ್ಟು ವರ್ಷ ನಾವು ಪಾಸ್ ಮಾಡಿದ್ದು ಅವರ ಸ್ಕ್ರೂನ ಅಲ್ಲ."

"ಅಲ್ಲ ಸಾರ್. ನನ್ನ ಕೈನ."

ಅವರು ಲೋಟ ಕೆಳಗಿಟ್ಟರು. "ಬಿಡುಗಡೆ ಪತ್ರ ಹೋಗಿದೆ. ಗೋದಾಮಲ್ಲಿ ಸೀಲಾದ ಪೆಟ್ಟಿಗೆ ಒಡೀಬೇಕಾದ್ರೆ ಫೇಲ್ ರಿಪೋರ್ಟ್ ಕೇಳ್ತಾರೆ. ಫೇಲ್ ರಿಪೋರ್ಟ್ ಬರೀಬೇಕಾದ್ರೆ ಬಿಚ್ಚದ ಪೀಸು ಬೇಕು. ಬಿಚ್ಚದ ಪೀಸು ಇರೋದು ಆ ಪೆಟ್ಟಿಗೆ ಒಳಗೆ. ನಾನೇನು ಮಾಡ್ಲಿ ಹೇಳಿ."

"ಅಂಗಡೀಲಿ ಕೇಳಿ ಬರ್ತೀನಿ."

"ಕೇಳಿ. ಇನ್ನೊಂದು ಮಾತು. ಇದು ಫೇಲ್ ಆಯ್ತು ಅಂದ್ರೆ ನಿಮ್ಮ ಹಳೇ ರಿಪೋರ್ಟೆಲ್ಲ ಕಪಾಟಿಂದ ಕೆಳಗಿಳೀತವೆ. ಗೊತ್ತಿರಲಿ."

ಅವಳಿಗೆ ಗೊತ್ತಿತ್ತು. ಹೆದರಿಕೆ ಬರುತ್ತದೇನೋ ಎಂದು ಮೆಟ್ಟಿಲಿಳಿಯುವಾಗ ಕಾದು ನೋಡಿದಳು. ಹಸಿವಾಗುತ್ತಿತ್ತು, ಅಷ್ಟೆ.

ಊಟದ ಹೊತ್ತಿನಲ್ಲಿ ನಾಲ್ಕು ಅಂಗಡಿ ಸುತ್ತಿದಳು. ಮೊದಲ ಮೂವರು ತಲೆಯಲ್ಲಾಡಿಸಿದರು. ನಾಲ್ಕನೆಯವನು ಖಾಲಿ ಕಪಾಟು ತೋರಿಸಿದ. "ಬಸವನಹುಳ ಬಂದ ತಿಂಗಳಲ್ಲೇ ಖಾಲಿ ಮೇಡಂ. ಹೊಸ ಲಾಟು ಶನಿವಾರ ಬರುತ್ತೆ. ಎಷ್ಟು ಎತ್ತಿಡಲಿ?"

ಬುಧವಾರ ಬೆಳಿಗ್ಗೆ ಮುಖ್ಯಸ್ಥರು ನಿಯಮದ ಪುಸ್ತಕದಲ್ಲಿ ಒಂದು ಪುಟಕ್ಕೆ ಚೀಟಿ ಇಟ್ಟುಕೊಂಡು ಕಾಯುತ್ತಿದ್ದರು. ಕೊಂಡವರು ಯಾರಾದರೂ ದೂರು ಬರೆದು ತಮ್ಮ ಆಟಿಕೆ ತಂದುಕೊಟ್ಟರೆ ಪರೀಕ್ಷೆ ಮಾಡಬಹುದು. ಷರತ್ತು ಎರಡು. ಸ್ಕ್ರೂನ ತಲೆಯ ಮೇಲೆ ಸ್ಕ್ರೂಡ್ರೈವರ್ ತಾಗಿದ ಗೀರು ಇರಬಾರದು. ಮತ್ತು, ಪರೀಕ್ಷೆಯಾದ ಆಟಿಕೆಯನ್ನು ವಾಪಸು ಕೊಡುವಂತಿಲ್ಲ, ನಾಶ ಮಾಡಬೇಕು.

"ಯಾರ ಮನೇಲಾದ್ರೂ ಇರುತ್ತಾ ಹೇಳಿ, ಸೆಲ್ ಕೂಡ ಬದಲಿಸದೇ ಇರೋ ಪೀಸು? ಮಕ್ಕಳಿರೋ ಮನೇಲಿ ಸಾಧ್ಯಾನಾ?"

"ಇದೆ ಸಾರ್."

"ಯಾರ ಮನೇಲಿ?"

"ನಮ್ಮನೇಲಿ."

ಮುಖ್ಯಸ್ಥರು ಪುಸ್ತಕ ಮುಚ್ಚಿದರು. "ದೂರು ನಿಮ್ಮ ಯಜಮಾನರು ಬರೀಲಿ. ಕಂಪನಿ ಕಡೆಯ ಏಜೆಂಟ್‌ನ ಎದುರಿಗೆ ಕೂರಿಸ್ಕೊಳ್ಳೋಣ, ಕ್ಯಾಮೆರಾನೂ ಇಡೋಣ. ಆದ್ರೆ ಬೀಳಿಸೋದು ನೀವೇ." ಬೀಳಿಸುವ ಪರೀಕ್ಷೆಗೆ ಸಹಿ ಹಾಕುವ ಅಧಿಕಾರ ಇದ್ದವರು ಇಬ್ಬರೇ. ಇನ್ನೊಬ್ಬಾಕೆ ಹೆರಿಗೆ ರಜೆಯಲ್ಲಿದ್ದಳು.

ಆ ಸಂಜೆ ಅಡುಗೆಮನೆಯಲ್ಲಿ ಗಂಡ ತರಕಾರಿ ಹೆಚ್ಚುವುದನ್ನು ನಿಲ್ಲಿಸದೆ ಕೇಳಿಸಿಕೊಂಡ. ಕೈ ಒರೆಸಿಕೊಂಡು ಅರ್ಜಿಗೆ ಸಹಿ ಹಾಕಿದ. ಆಮೇಲೆ ದನಿ ತಗ್ಗಿಸಿದ.

"ಗಿಣಿಗೆ ಹೇಳೋದ್ಯಾಕೆ? ರಿಪೇರಿಗೆ ಕೊಟ್ಟಿದೀವಿ ಅನ್ನು. ಹೊಸದು ಬಂದ್ಮೇಲೆ ಅದನ್ನೇ ಕೈಗಿಟ್ರಾಯ್ತು."

"ಏನ್ರೀ, ಹೊಸದು ಬರಬಾರದು ಅಂತ ತಾನೇ ಇಷ್ಟೆಲ್ಲ?"

"ಕಳೆದುಹೋಯ್ತು ಅನ್ನು ಹಾಗಾದ್ರೆ."

"ಬೀರು ಮೇಲೆ ಇಟ್ಟಿದ್ದು ಕಳೆದುಹೋಗುತ್ತಾ?"

"ನಿಂಗೆ ಸುಳ್ಳು ಹೇಳೋಕೂ ಬರಲ್ಲ," ಎಂದು ಅವನು ಮತ್ತೆ ಚಾಕು ಹಿಡಿದ.

ಸುಳ್ಳು ಹೇಳಲು ಬರುವುದಿಲ್ಲ ಅಂತಲ್ಲ. ಒಂದು ಸುಳ್ಳು ಹೇಳಿ ಅದನ್ನು ತಿಂಗಳುಗಟ್ಟಲೆ ಸಾಕುವಷ್ಟು ಚೈತನ್ಯ ಇರಲಿಲ್ಲ. ಊಟವಾದ ಮೇಲೆ ಮಗಳ ಹಾಸಿಗೆಯ ತುದಿಗೆ ಹೋಗಿ ಕೂತು, ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಸ್ಕ್ರೂ, ಸೆಲ್, ಡುಮ್ಮನ ಉಗುರು, ಶುಕ್ರವಾರದ ಲಾರಿ.

"ಬೇರೆ ಮಕ್ಕಳದ್ದು ಕೇಳು," ಎಂದಳು ಗಿಣಿ.

"ಯಾರ ಹತ್ರ ಇದೆ ಅಂತ ಹುಡುಕಲಿ? ಲಾರಿ ಬರೋದು ನಾಡಿದ್ದು."

"ಅಪ್ಪ ಬೀಳಿಸಲಿ."

"ಅಪ್ಪ ಬೀಳಿಸಿದ್ರೆ ಲೆಕ್ಕಕ್ಕಿಲ್ಲ. ನಂದೇ ಸಹಿ ಬೇಕು."

"ಮುಟ್ಟಲ್ಲ ಅಂದಿದ್ದೆ."

"ಹೌದು."

"ಯಾವತ್ತೂ ಅಂದಿದ್ದೆ."

"ಹೌದು ಕಣೆ."

"ಮತ್ತೆ?"

"ನಾಳೆ ಮುಟ್ತೀನಿ."

ಗಿಣಿ ಗೋಡೆಯ ಕಡೆ ತಿರುಗಿದಳು. "ನಾನು ಕೊಡಲ್ಲ."

"ನೀನು ಕೊಡಬೇಕಾಗಿಲ್ಲ. ನಾನೇ ತಗೊಂಡು ಹೋಗ್ತೀನಿ."

ಬೈದು ಅಂದದ್ದಲ್ಲ, ಸಮಾಧಾನಕ್ಕೂ ಅಲ್ಲ. ನಾಳೆ ಬಸ್ಸು ಎಷ್ಟು ಗಂಟೆಗೆ ಎಂದು ಹೇಳುವವರ ದನಿಯಲ್ಲಿ ಅಂದು, ದೀಪ ಆರಿಸಿ ಎದ್ದಳು. ಮಗಳು ಅತ್ತಿದ್ದರೆ ತಲೆ ಸವರಬಹುದಿತ್ತು. ಅವಳು ಅಳಲಿಲ್ಲ.

ಗುರುವಾರ ಬೆಳಿಗ್ಗೆ ಬೀರುವಿನ ಮೇಲೆ ಬಸವನಹುಳು ಇರಲಿಲ್ಲ. ಕುರ್ಚಿಯೊಂದು ಬೀರುವಿಗೆ ಒರಗಿಕೊಂಡು ನಿಂತಿತ್ತು. ಅವಳು ಮನೆಯೆಲ್ಲ ತಡಕಾಡಲಿಲ್ಲ. ಸೀದಾ ಮಕ್ಕಳ ಕೋಣೆಗೆ ಹೋಗಿ, ಬೋರಲು ಮಲಗಿ, ಮಂಚದ ಅಡಿಗೆ ತೆವಳಿದಳು. ಗೋಡೆಯ ಮೂಲೆಯಲ್ಲಿ ಹಳೇ ಟವಲ್ ಸುತ್ತಿಕೊಂಡು ಕೂತಿತ್ತು. ಕೈ ಚಾಚಿ ಎಳೆದುಕೊಂಡಳು. ಮಂಚದ ಮೇಲೆ ಗಿಣಿ ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ತಾಯಿಯ ಸೀರೆಗೆ ಮೆತ್ತಿದ ಧೂಳನ್ನು ನೋಡಿದಳು.

ಮಧ್ಯಾಹ್ನ ಎರಡಕ್ಕೆ ಏಜೆಂಟ್ ಬಂದ. ಬಾಯಿ ತೆರೆದರೆ ಲಾರಿಯ ಮಾತೇ ಆಡುತ್ತಿದ್ದುದರಿಂದ ಲ್ಯಾಬಿನಲ್ಲಿ ಅವನು ಲಾರಿ ಸಾಹೇಬ.

"ಏನ್ ಸಾರ್ ಇದು, ಲಾರಿಗೆ ಅಡ್ವಾನ್ಸ್ ಕೊಟ್ಟಾಗಿದೆ. ಡ್ರಾಪ್ ಮೇಡಂ ಮನೇ ಬಸವನಹುಳಾನ ಡ್ರಾಪ್ ಮೇಡಮ್ಮೇ ಬೀಳಿಸ್ತಾರಾ? ಚೆನ್ನಾಗಿದೆ ನಿಮ್ಮ ಮನೆ ನಾಟಕ. ಮನೇಲೇ ಸಡಿಲ ಮಾಡ್ಕೊಂಡು ಬಂದಿದ್ರೆ?"

ಮುಖ್ಯಸ್ಥರು ಭೂತಗನ್ನಡಿಯನ್ನು ಅವನ ಕೈಗೆ ಕೊಟ್ಟರು. "ನೀವೇ ನೋಡಿ."

ಅವನು ಬಗ್ಗಿ ಬಹಳ ಹೊತ್ತು ನೋಡಿದ. ಸ್ಕ್ರೂನ ತಲೆಗೆ ಬಳಿದ ಕಪ್ಪು ಬಣ್ಣ ಫ್ಯಾಕ್ಟರಿಯಿಂದ ಬಂದಂತೆಯೇ ಇತ್ತು. ಪಕ್ಕದಲ್ಲಿ ಲ್ಯಾಬಿನ ಹನ್ನೆರಡು ಬಸವನಹುಳುಗಳನ್ನು ಬೋರಲು ಇಟ್ಟಿದ್ದರು. ಹನ್ನೆರಡರ ಸ್ಕ್ರೂ ಮೇಲೂ ಬೆಳ್ಳಗೆ ಗೀರು ಹೊಳೆಯುತ್ತಿತ್ತು.

"ಆರು ತಿಂಗಳು ಮಕ್ಕಳ ಕೈಲಿದ್ದದ್ದು ಸಾರ್. ಬಳಸಿ ಸಡಿಲ ಆಗಿರಬಹುದಲ್ಲ?"

"ಮಕ್ಕಳ ಕೈಲಿರೋಕೇ ಅಲ್ವಾ ಮಾಡಿರೋದು?" ಎಂದು ಬಾಗಿಲಲ್ಲಿ ನಿಂತಿದ್ದ ಸ್ಟೋರಕ್ಕ ಬಾಯಿ ಹಾಕಿದಳು. "ದೇವರ ಗೂಡಲ್ಲಿ ಇಡೋಕಾ?"

ಅವಳು ಬಸವನಹುಳುವನ್ನು ಎತ್ತಿಕೊಂಡಳು. ಹಗುರವಾಗಿತ್ತು. ಬೆನ್ನಿನ ಬಟನ್ ಒತ್ತಿದಳು, ಬೀಳಿಸುವ ಮುಂಚೆ ಆಟಿಕೆ ಕೆಲಸ ಮಾಡುತ್ತಿದೆ ಎಂದು ಬರೆದುಕೊಳ್ಳಬೇಕು. ಮಂಕು ನೀಲಿ ಬೆಳಕು ಬಂತು, ಹಾಡು ಶುರುವಾಯಿತು. ಸೊಂಟದೆತ್ತರದ ಗುರುತಿಗೆ ಹಿಡಿದು ಬಿಟ್ಟಳು.

ಮೊದಲ ಸಲ ಬಿದ್ದಾಗ ಹಾಡು ನಿಲ್ಲಲಿಲ್ಲ. ಎರಡನೇ ಸಲ ಬೆಳಕು ಹೋಯಿತು, ಹಾಡು ಎಳೆದಾಡಿತು. ಮೂರನೇ ಸಲ ಮುಚ್ಚಳ ಹಾರಿತು. ಸೆಲ್‌ಗಳು ಉಕ್ಕಿನ ಹಲಗೆಯ ಮೇಲೆ ಉರುಳಿ ಚೆದುರಿದವು. ಎರಡನ್ನು ಹೆಕ್ಕಿದಳು. ಮೂರನೆಯದು ಕಾಣಲಿಲ್ಲ.

"ಸಾರ್, ಕಾಲೆತ್ತಿ."

ಲಾರಿ ಸಾಹೇಬ ಎಡಗಾಲು ಎತ್ತಿದ. ಬೂಟಿನ ಪಕ್ಕದಲ್ಲಿತ್ತು. ಅದನ್ನು ಹೆಕ್ಕಿ ಕೊಡುವಾಗ ಅವನು ಲಾರಿಯ ಮಾತು ಆಡಲಿಲ್ಲ. "ನಮ್ಮನೇಲೂ ಒಂದು ಚಿಕ್ಕದಿದೆ ಮೇಡಂ," ಅಂದ.

ಮುಖ್ಯಸ್ಥರು ಪೆನ್ನಿನ ಮುಚ್ಚಳ ತೆಗೆದರು. "ಸಾಕು. ಫೇಲ್ ಆಯ್ತಲ್ಲ."

ಆದರೆ ಅವಳು ಅಷ್ಟರಲ್ಲಿ ಬಸವನಹುಳುವನ್ನು ಮತ್ತೆ ಎತ್ತಿಕೊಂಡಾಗಿತ್ತು. ಫಾರ್ಮಿನಲ್ಲಿ ಐದು ಚೌಕಗಳಿದ್ದವು. ನಾಲ್ಕು. ಐದು. ಐದನೆಯದಕ್ಕೆ ಚಿಪ್ಪು ಸೀಳಿತು. ಐದೂ ಚೌಕ ತುಂಬಿ ಸಹಿ ಹಾಕಿದಳು. ಸ್ಟೋರಕ್ಕ ಚೂರುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ನಂಬರು ಬರೆದು, ನಾಶ ಮಾಡುವ ಕೆಂಪು ಡಬ್ಬಿಗೆ ಹಾಕಿದಳು.

ನಾಲ್ಕು ಗಂಟೆಗೆ ತಡೆಯಾಜ್ಞೆ ಗೋದಾಮಿಗೆ ಹೋಯಿತು, ಹಳೇ ಲಾಟನ್ನು ಜನರಿಂದ ವಾಪಸು ಪಡೆಯಬೇಕೆಂದು ಕಂಪನಿಗೆ ಪತ್ರ ಹೋಯಿತು. ನಾಲ್ಕೂವರೆಗೆ ಅವಳ ಕೈಗೆ ಇನ್ನೊಂದು ಕಾಗದ ಬಂತು. ಹಳೇ ರಿಪೋರ್ಟುಗಳ ಮರುಪರಿಶೀಲನೆ ಮುಗಿಯುವವರೆಗೆ ಅವಳು ಯಾವ ಪರೀಕ್ಷೆಗೂ ಸಹಿ ಹಾಕುವಂತಿಲ್ಲ. ಪರಿಶೀಲನೆಗೆ ಅವಳೇ ಸಹಾಯ ಮಾಡಬೇಕು. ಎರಡು ಕಪಾಟು ಕಾಗದ. ಕಪಾಟಿನ ಬೀಗದಕೈ ಇಸಿದುಕೊಂಡು ಬ್ಯಾಗಿಗೆ ಹಾಕಿಕೊಂಡಳು. ಬಸ್ಸಿನಲ್ಲಿ ಕೂರಲು ಸೀಟು ಸಿಕ್ಕಿತು.

ಮನೆಯಲ್ಲಿ ಡುಮ್ಮ ಒಂದು ಮರದ ಚಮಚ ಕಚ್ಚಿಕೊಂಡು ಓಡಾಡುತ್ತಿದ್ದ. ಗಿಣಿ ಮೇಜಿನ ಮುಂದೆ ಕೂತು ಮಗ್ಗಿ ಬರೆಯುತ್ತಿದ್ದಳು. ಅವಳು ಬ್ಯಾಗು ಇಳಿಸಿ ಎದುರಿನ ಕುರ್ಚಿಯಲ್ಲಿ ಕೂತಳು.

"ಎಷ್ಟನೇ ಸಲಕ್ಕೆ ಹೋಯ್ತು?" ಗಿಣಿ ತಲೆಯೆತ್ತದೆ ಕೇಳಿದಳು.

"ಮೂರನೇ ಸಲಕ್ಕೆ."

"ಅಲ್ಲಿಗೆ ನಿಲ್ಲಿಸಿದ್ಯಾ?"

"ಇಲ್ಲ. ಐದೂ ಸಲ ಬೀಳಿಸಿದೆ."

ಗಿಣಿ ಆ ಸಾಲಿನ ಮಗ್ಗಿ ಮುಗಿಸಿದಳು. ಪುಟ ತಿರುವಿ ಮುಂದಿನದಕ್ಕೆ ಗೆರೆ ಹಾಕಿಕೊಂಡಳು. ಅಡುಗೆಮನೆಯಿಂದ ಗಂಡ, ತಟ್ಟೆ ಹಾಕಲಾ ಎಂದು ಕೂಗಿದ. ಹಾಕಿ ಎಂದು ಅವಳು ಎದ್ದಳು.

ಮಂಚದ ಅಡಿ ಕೊಟ್ಟು ಮೂರೂವರೆ ವರ್ಷ ನಡೆಸಿದ ಮಾತನ್ನು ಅವಳು ಆ ಗುರುವಾರ ಮುರಿದಳು.